ಗ್ರ್ಯಾಂಡ್ ನ್ಯಾಷನಲ್: ಕಣದಲ್ಲಿರುವ ಕುದುರೆಗಳನ್ನು ತೂಗಿ ನೋಡುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಬೇರೆ ಸ್ಟೀಪಲ್‌ಚೇಸ್‌ಗಳಲ್ಲಿ, ಅಂದರೆ ಬೇಲಿ ಹಾರುತ್ತಾ ಓಡುವ ಕುದುರೆ ರೇಸ್‌ಗಳಲ್ಲಿ, ಚೆನ್ನಾಗಿ ಓಡಿದ ಕುದುರೆ ಇಲ್ಲೂ ಚೆನ್ನಾಗಿ ಓಡಬೇಕಲ್ಲವೇ?

ಓಡಬಹುದು, ಆದರೆ ಖಾತ್ರಿಯಿಲ್ಲ. ಲಿವರ್‌ಪೂಲ್‌ನ ಏನ್‌ಟ್ರೀ ಮೈದಾನದಲ್ಲಿ ನಡೆಯುವ ಈ ರೇಸ್‌ನ ದೂರ 4 ಮೈಲಿ ಎರಡೂವರೆ ಫರ್ಲಾಂಗು, ಅಂದರೆ 7 ಕಿಲೋಮೀಟರಿಗೆ ಸ್ವಲ್ಪವೇ ಕಡಿಮೆ. ಒಂದು ಸುತ್ತಿನಲ್ಲಿ 16 ಬೇಲಿ. ಅದರಲ್ಲಿ 14ನ್ನು ಎರಡೆರಡು ಸಲ ಹಾರಬೇಕು. ಚೇರ್ ಮತ್ತು ವಾಟರ್ ಜಂಪ್ ಎಂಬ ಎರಡು ಬೇಲಿಗಳನ್ನು ಮಾತ್ರ ಒಂದೊಂದೇ ಸಲ. ಒಟ್ಟು 30 ಜಿಗಿತ. ಬೇಲಿಗಳ ಮೇಲೆ ಹಸಿರು ಸ್ಪ್ರೂಸ್ ಸೊಪ್ಪು ಹೊದಿಸಿರುತ್ತದೆ. ಅದು ಕುದುರೆಯ ಕಣ್ಣಿಗೆ ಬೀಳುವ ರೀತಿಯೇ ಮಾಮೂಲಿ ಬರ್ಚ್ ಕಡ್ಡಿಯ ಬೇಲಿಗಿಂತ ಬೇರೆ. ಕೊನೆಯ ಬೇಲಿಯಿಂದ ಗುರಿಗೆ 494 ಗಜ. ಅಷ್ಟು ಹೊತ್ತಿಗೆ ಕುದುರೆ ಒಂಬತ್ತು ನಿಮಿಷದ ಹತ್ತಿರ ಓಡಿಯಾಗಿರುತ್ತದೆ. ಜೊತೆಗೆ 34 ಕುದುರೆಗಳ ನೂಕುನುಗ್ಗಲು ಬೇರೆ.

ಒಂದು ಎಚ್ಚರಿಕೆ. ಏನ್‌ಟ್ರೀಯಲ್ಲೇ ಮಿಲ್ಡ್‌ಮೇ ಎಂಬ ಇನ್ನೊಂದು ಟ್ರ್ಯಾಕ್ ಇದೆ. ಅಲ್ಲಿ ಇರುವುದು ಮಾಮೂಲಿ ಬೇಲಿ, ಬಿಗಿ ತಿರುವು. ರೇಸ್ ಕಾರ್ಡ್‌ನಲ್ಲಿ ‘ಏನ್‌ಟ್ರೀಯಲ್ಲಿ ಗೆದ್ದಿದೆ’ ಎಂದು ಕಂಡ ಕೂಡಲೇ ಖುಷಿಪಡಬೇಡಿ. ಯಾವ ಟ್ರ್ಯಾಕ್‌ನಲ್ಲಿ ಗೆದ್ದದ್ದು ಎಂದು ಮೊದಲು ನೋಡಿ.

‘ಏಳು ವರ್ಷದ ಕುದುರೆ ಗೆಲ್ಲುವುದಿಲ್ಲ’, ‘11 ಸ್ಟೋನ್‌ಗಿಂತ (ಸುಮಾರು 70 ಕಿಲೋ) ಹೆಚ್ಚು ಹೊತ್ತರೆ ಗೆಲ್ಲುವುದಿಲ್ಲ’ ಎನ್ನುತ್ತಾರಲ್ಲ, ಈ ಸೂತ್ರಗಳನ್ನು ನಂಬಬಹುದೇ?

ಎರಡೂ ಒಂದು ಕಾಲಕ್ಕೆ ನಿಜವಾಗಿದ್ದವು. 1940ರಲ್ಲಿ ಬಾಗ್‌ಸ್ಕಾರ್ ಗೆದ್ದ ಮೇಲೆ ಏಳು ವರ್ಷದ ಕುದುರೆಯೊಂದು ಗೆಲ್ಲಲು 2022ರ ನೋಬಲ್ ಯೇಟ್ಸ್‌ವರೆಗೆ ಕಾಯಬೇಕಾಯಿತು. 1984ರಿಂದ 2004ರವರೆಗೆ 11 ಸ್ಟೋನ್ ಮೀರಿ ಹೊತ್ತ ಒಂದು ಕುದುರೆಯೂ ಗೆಲ್ಲಲಿಲ್ಲ. ಆಮೇಲೆ? 2012ರಲ್ಲಿ ನೆಪ್ಚೂನ್ ಕಾಲಾಂಜ್ 11 ಸ್ಟೋನ್ 6, 2015ರಲ್ಲಿ ಮೆನಿ ಕ್ಲೌಡ್ಸ್ 11 ಸ್ಟೋನ್ 9, 2019ರಲ್ಲಿ ಟೈಗರ್ ರೋಲ್ 11 ಸ್ಟೋನ್ 5, 2024ರಲ್ಲಿ ಐ ಆ್ಯಮ್ ಮ್ಯಾಕ್ಸಿಮಸ್ 11 ಸ್ಟೋನ್ 6, 2025ರಲ್ಲಿ ನಿಕ್ ರಾಕೆಟ್ 11 ಸ್ಟೋನ್ 8 ಪೌಂಡ್ ಹೊತ್ತು ಗೆದ್ದವು.

ಸೂತ್ರ ಸುಳ್ಳಾದದ್ದಕ್ಕೆ ಕಾರಣವಿದೆ: ರೇಸ್ ತಾನೇ ಬದಲಾಯಿತು. 2013ರಲ್ಲಿ ಬೇಲಿಯೊಳಗಿನ ಮರದ ಚೌಕಟ್ಟನ್ನು ತೆಗೆದು ಬಾಗುವ ಪ್ಲಾಸ್ಟಿಕ್ ಬರ್ಚ್ ಹಾಕಿದರು. ಮೊದಲು ಬೇಲಿಗೆ ಎದೆ ತಾಗಿಸಿದರೆ ಬೀಳುತ್ತಿದ್ದ ಕುದುರೆ ಈಗ ಎಷ್ಟೋ ಸಲ ಸೊಪ್ಪು ಉದುರಿಸಿಕೊಂಡು ಮುಂದೆ ಹೋಗುತ್ತದೆ. 2024ರಲ್ಲಿ ಕುದುರೆಗಳ ಸಂಖ್ಯೆಯನ್ನು 40ರಿಂದ 34ಕ್ಕೆ ಇಳಿಸಿದರು. ಮೊದಲ ಬೇಲಿಯನ್ನು 60 ಗಜ ಹಿಂದಕ್ಕೆ, ಅಂದರೆ ಆರಂಭದ ಜಾಗಕ್ಕೆ ಹತ್ತಿರ ತಂದರು. ನಿಂತಲ್ಲಿಂದಲೇ ಓಟ ಶುರುವಾಗುವಂತೆ ಮಾಡಿದರು. ಕನಿಷ್ಠ ರೇಟಿಂಗ್ (ಕುದುರೆಯ ಸಾಮರ್ಥ್ಯಕ್ಕೆ ಅಧಿಕೃತವಾಗಿ ಕೊಡುವ ಅಂಕ) 125 ಇದ್ದದ್ದು 130 ಆಯಿತು. ಆ ವರ್ಷ ಓಡಿದ 32 ಕುದುರೆಗಳಲ್ಲಿ 21 ಗುರಿ ಮುಟ್ಟಿದವು.

ಹೀಗಾಗಿ ‘ಹೇಗಾದರೂ ಬೀಳದೆ ಉಳಿದರೆ ಸಾಕು’ ಎನ್ನುವ ಕುದುರೆಯ ಕಾಲ ಮುಗಿದಿದೆ. ಬೀಳುವವು ಕಡಿಮೆಯಾದಷ್ಟೂ ಗುಣಮಟ್ಟದ ಕುದುರೆಗೆ ಲಾಭ. 2013ಕ್ಕೆ ಹಿಂದಿನ ಅಂಕಿ ಅಂಶವನ್ನು ಕಥೆಯಾಗಿ ಓದಿ, ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಯಾರಾದರೂ ಹೊಸ ಸೂತ್ರ ಹೇಳಿದರೂ ಅದರ ಹಿಂದಿನ ಕಾರಣ ಇನ್ನೂ ಇದೆಯೇ ಎಂದು ಕೇಳಿ. ಕಾರಣ ಹೋಗಿದ್ದರೆ ಸೂತ್ರವೂ ಹೋಯಿತು.

34 ಹೆಸರು ನೋಡಿದರೇ ತಲೆ ತಿರುಗುತ್ತದೆ. ಎಲ್ಲಿಂದ ಶುರು ಮಾಡುವುದು?

ಗೆಲ್ಲುವ ಕುದುರೆಯನ್ನು ಹುಡುಕಲು ಹೋಗಬೇಡಿ, ಗೆಲ್ಲಲಾರದ್ದನ್ನು ತೆಗೆಯುತ್ತಾ ಬನ್ನಿ. ಮೊದಲು ದಮ್ಮು: ಇಷ್ಟು ದೂರ ಓಡುವ ತ್ರಾಣ ಇದೆಯೇ? ಆಮೇಲೆ ಜಿಗಿತ. ಈ ಎರಡರಲ್ಲಿ ಒಂದು ಇಲ್ಲದಿದ್ದರೂ ಉಳಿದದ್ದೆಲ್ಲ ವ್ಯರ್ಥ, ಹೊಡೆದುಹಾಕಿ. ಸಾಮಾನ್ಯವಾಗಿ ಇಲ್ಲಿಗೇ ಪಟ್ಟಿ ಅರ್ಧದಷ್ಟಾಗುತ್ತದೆ. ಭಾರ, ನೆಲದ ಸ್ಥಿತಿ, ಕೊನೆಯ ಓಟದಿಂದ ಕಳೆದ ದಿನಗಳು, ಇವನ್ನು ಉಳಿದವಕ್ಕೆ ಮಾತ್ರ ನೋಡಿದರೆ ಸಾಕು. ಬೆಲೆ, ಅಂದರೆ ಬಾಜಿ ನಡೆಸುವ ಬುಕ್‌ಮೇಕರ್ ಕೊಡುವ ದರವಾದ ಆಡ್ಸ್, ಕಟ್ಟಕಡೆಗೆ. ಆಡ್ಸ್ ಮೊದಲು ನೋಡಿಬಿಟ್ಟರೆ ಫೇವರಿಟ್ ಕುದುರೆಯ ತಪ್ಪುಗಳಿಗೆಲ್ಲ ಮನಸ್ಸು ತಾನಾಗಿಯೇ ಸಮಜಾಯಿಷಿ ಹುಡುಕತೊಡಗುತ್ತದೆ.

ಕಾಗದದ ಮೇಲೆ ಕುದುರೆಗೊಂದು ಸಾಲು ಬರೆಯಿರಿ. ಅಂಕ ಕೊಟ್ಟು ಕೂಡಿಸುವ ಪದ್ಧತಿ ನಮಗೆ ಹಿಡಿಸದು: ದಮ್ಮಿಗೆ ಸೊನ್ನೆ, ಉಳಿದದ್ದಕ್ಕೆಲ್ಲ ಹತ್ತು ಬಂದ ಕುದುರೆ ಮೊತ್ತದಲ್ಲಿ ಮೇಲಿರುತ್ತದೆ, ಏನ್‌ಟ್ರೀಯಲ್ಲಿ ಹಿಂದಿರುತ್ತದೆ.

ಕುದುರೆಯ ಹೆಸರಿನ ಪಕ್ಕದ ಅಂಕಿ, ಅಕ್ಷರಗಳ ಅರ್ಥವೇನು?

ಅದೇ ಫಾರ್ಮ್ ಸಾಲು. ಎಡದಿಂದ ಬಲಕ್ಕೆ ಓದಬೇಕು; ಬಲತುದಿಯಲ್ಲಿರುವುದು ತೀರಾ ಇತ್ತೀಚಿನ ಓಟ. 1ರಿಂದ 9ರವರೆಗಿನ ಅಂಕಿ ಬಂದ ಸ್ಥಾನ, 0 ಎಂದರೆ ಹತ್ತನೆಯದು ಅಥವಾ ಅದಕ್ಕಿಂತ ಹಿಂದೆ. ಎಫ್ ಎಂದರೆ ಬಿದ್ದದ್ದು, ಯು ಎಂದರೆ ಸವಾರ ಉರುಳಿದ್ದು, ಪಿ ಎಂದರೆ ಜಾಕಿಯೇ ಓಟ ನಿಲ್ಲಿಸಿದ್ದು, ಆರ್ ಎಂದರೆ ಹಾರಲು ಒಪ್ಪದೆ ನಿಂತದ್ದು, ಬಿ ಎಂದರೆ ಬೇರೆ ಕುದುರೆ ಬಿದ್ದು ಇದನ್ನೂ ಬೀಳಿಸಿದ್ದು. ನಡುವಿನ ಅಡ್ಡಗೆರೆ ಹಿಂದಿನ ಸೀಸನ್ನನ್ನೂ, ಓರೆಗೆರೆ ಅದಕ್ಕೂ ಹಿಂದಿನದನ್ನೂ ಬೇರೆ ಮಾಡುತ್ತದೆ.

ಈ ಅಕ್ಷರಗಳಿಗೆಲ್ಲ ಒಂದೇ ತೂಕ ಕೊಡುವುದು ದೊಡ್ಡ ತಪ್ಪು. ‘ಬಿ’ಯಲ್ಲಿ ಕುದುರೆಯ ತಪ್ಪೇನೂ ಇಲ್ಲ. ‘ಪಿ’ಗೆ ಕಾರಣ ಹುಡುಕಬೇಕು. ನೆಲ ತೀರಾ ಕೆಸರಾಗಿದ್ದುದರಿಂದ ನಿಲ್ಲಿಸಿದರೇ, ಉಸಿರು ಕಟ್ಟಿತೇ, ಅಥವಾ ಗೆಲ್ಲುವ ಆಸೆಯಿಲ್ಲವೆಂದು ನಾಳಿನ ಓಟಕ್ಕಾಗಿ ಉಳಿಸಿಕೊಂಡರೇ? ‘ಆರ್’ ಒಂದೇ ಒಂದು ಇದ್ದರೂ ನಮಗೆ ಅನುಮಾನ. ಬಿದ್ದ ಕುದುರೆ ಮರೆಯಬಹುದು, ಒಲ್ಲೆ ಎನ್ನಲು ಕಲಿತದ್ದು ಮರೆಯುವುದು ಕಡಿಮೆ.

ನಾಲ್ಕು ಮೈಲಿ ಓಡಿಯೇ ಇಲ್ಲದ ಕುದುರೆಗೆ ದಮ್ಮು ಇದೆಯೇ ಇಲ್ಲವೇ ಹೇಗೆ ಹೇಳುವುದು?

ಹೆಚ್ಚಿನ ಕುದುರೆಗಳು ಈ ದೂರವನ್ನು ಓಡಿರುವುದೇ ಇಲ್ಲ, ಆದ್ದರಿಂದ ಇದು ಊಹೆಯ ಕೆಲಸ. ಮೂರು ಮೈಲಿ ಅಥವಾ ಹೆಚ್ಚಿನ ದೂರದ ಓಟದ ಕೊನೆಯ ಎರಡು ಬೇಲಿಗಳನ್ನು ನೋಡಿ. ಗೆದ್ದಿತೋ ಸೋತಿತೋ ಮುಖ್ಯವಲ್ಲ. ಗುರಿ ಹತ್ತಿರವಾದಂತೆ ಮುಂದಿನವರೊಂದಿಗಿನ ಅಂತರ ಕುಗ್ಗುತ್ತಿತ್ತೇ, ಬೆಳೆಯುತ್ತಿತ್ತೇ? ಮೂರು ಮೈಲಿಯಲ್ಲಿ ನಾಲ್ಕನೆಯದಾಗಿ ಬಂದರೂ ಕೊನೆಯ ಫರ್ಲಾಂಗಿನಲ್ಲಿ ಎಲ್ಲರಿಗಿಂತ ಚುರುಕಾಗಿದ್ದ ಕುದುರೆ, ಅದೇ ಓಟದಲ್ಲಿ ಏದುಸಿರು ಬಿಡುತ್ತಾ ಗೆದ್ದದ್ದಕ್ಕಿಂತ ಇಲ್ಲಿಗೆ ಒಳ್ಳೆಯ ಆಯ್ಕೆ.

ಗೆಲುವುಗಳನ್ನಷ್ಟೇ ಎಣಿಸುವವರು 2016ರ ರೂಲ್ ದ ವರ್ಲ್ಡ್ ಅನ್ನು ನೆನೆಯಬೇಕು. ನ್ಯಾಷನಲ್ ಗೆಲ್ಲುವವರೆಗೆ ಅದು ಒಂದೇ ಒಂದು ಸ್ಟೀಪಲ್‌ಚೇಸ್ ಗೆದ್ದಿರಲಿಲ್ಲ. ಆದರೆ ಹಿಂದಿನ ವರ್ಷ ಐರಿಷ್ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಎರಡನೆಯದಾಗಿ ಬಂದಿತ್ತು. ದಮ್ಮಿನ ಸಾಕ್ಷಿ ಅಲ್ಲೇ ಇತ್ತು, ಆಡ್ಸ್ ಮಾತ್ರ 33/1 (ಒಂದು ಪೌಂಡ್ ಹಾಕಿ ಗೆದ್ದರೆ 33 ಪೌಂಡ್ ಲಾಭ).

ಜಾಗ್ರತೆ: ನಿಧಾನಗತಿಯ ಓಟದಲ್ಲಿ ‘ಕೊನೆಗೆ ಚೆನ್ನಾಗಿ ಓಡಿತು’ ಎಂಬುದಕ್ಕೆ ಬೆಲೆಯಿಲ್ಲ. ಎಲ್ಲವೂ ಅಡ್ಡಾಡುತ್ತಾ ಬಂದು ಕೊನೆಯ ಅರ್ಧ ಮೈಲಿ ಓಡಿದರೆ ಗೊತ್ತಾಗುವುದು ವೇಗವೇ ಹೊರತು ತ್ರಾಣವಲ್ಲ.

ತಂದೆ ಕುದುರೆ ಯಾವುದು ಎಂದು ನೋಡಬೇಕೇ?

ನೋಡಿ, ಆದರೆ ಅದೊಂದನ್ನೇ ನೆಚ್ಚಿ ಕೂರಬೇಡಿ. ಟೈಗರ್ ರೋಲ್ ಮತ್ತು ಐ ಆ್ಯಮ್ ಮ್ಯಾಕ್ಸಿಮಸ್ ಎರಡರ ತಂದೆಯೂ 2007ರ ಡರ್ಬಿ ಗೆದ್ದ ಆಥರೈಸ್ಡ್. ಅದು ಓಡುತ್ತಿದ್ದದ್ದು ಬೇಲಿಯಿಲ್ಲದ ಫ್ಲ್ಯಾಟ್ ರೇಸ್‌ಗಳಲ್ಲಿ. ಇನ್ನು ರೆಡ್ ರಮ್. 1973, 1974, 1977ರಲ್ಲಿ ಮೂರು ಸಲ ನ್ಯಾಷನಲ್ ಗೆದ್ದ ಈ ಕುದುರೆ ತನ್ನ ಮೊದಲ ರೇಸನ್ನು ಓಡಿದ್ದು ಎರಡನೇ ವಯಸ್ಸಿನಲ್ಲಿ, ಇದೇ ಏನ್‌ಟ್ರೀಯಲ್ಲಿ, ಬರೀ 5 ಫರ್ಲಾಂಗಿಗೆ!

ಜಿಗಿತ ಚೆನ್ನಾಗಿದೆ ಎಂದು ವಿಡಿಯೊ ನೋಡಿ ಕಂಡುಕೊಳ್ಳುವುದು ಹೇಗೆ?

ಕುದುರೆಯ ಕೊನೆಯ ಮೂರ್ನಾಲ್ಕು ಓಟಗಳ ಪೂರ್ತಿ ವಿಡಿಯೊ ಬೇಕು, ಕೊನೆಯ ನಿಮಿಷದ ತುಣುಕು ಸಾಲದು. ಒಂದು ಓಟ ನೋಡುವಾಗ ಒಂದೇ ಕುದುರೆಯ ಮೇಲೆ ಕಣ್ಣಿಡಿ.

ಬೇಲಿಗೆ ಮೂರು ಹೆಜ್ಜೆ ಇರುವಾಗಲೇ ಕುದುರೆ ಲೆಕ್ಕ ಹಾಕುತ್ತದೆ. ಅಳತೆ ಸರಿ ಬಂದರೆ ಲಯ ಕೆಡದೆ ಹಾರುತ್ತದೆ. ತಪ್ಪಿದರೆ ಎರಡು ದಾರಿ: ದೂರದಿಂದಲೇ ಹಾರಿಬಿಡುವುದು, ಇಲ್ಲವೇ ಇನ್ನೊಂದು ಗಿಡ್ಡ ಹೆಜ್ಜೆ ಇಟ್ಟು ಬೇಲಿಯ ಬುಡದಿಂದ ಎತ್ತಿಕೊಳ್ಳುವುದು. ದೂರದಿಂದ ಹಾರುವುದು ನೋಡಲು ಚಂದ, ಕ್ಯಾಮೆರಾಗಳಿಗೂ ಪ್ರೀತಿ. ಆದರೆ 30 ಬೇಲಿಗಳಲ್ಲಿ ಅದನ್ನೇ ಮಾಡುವ ಕುದುರೆ ಎಲ್ಲೋ ಒಂದು ಕಡೆ ಎಡವುತ್ತದೆ. ಅಳತೆ ತಪ್ಪಿದಾಗ ಗಿಡ್ಡ ಹೆಜ್ಜೆ ಇಟ್ಟು ಸುಮ್ಮನೆ ದಾಟಿಕೊಳ್ಳುವ ಕುದುರೆಯೇ ನ್ಯಾಷನಲ್ ಕುದುರೆ. ಗಿಡ್ಡ ಆಳಿನ ಟೈಗರ್ ರೋಲ್ ಬೇಲಿ ದಾಟುತ್ತಿದ್ದ ರೀತಿ ಒಮ್ಮೆ ನೋಡಿ, ಶಕ್ತಿ ಪೋಲಾಗುವುದೇ ಇಲ್ಲ.

ಇಳಿದ ಮೇಲಿನ ಎರಡು ಹೆಜ್ಜೆಗಳನ್ನೂ ಗಮನಿಸಿ. ಮೂಗು ನೆಲಕ್ಕೆ ತಾಗುವಂತೆ ಮುಗ್ಗರಿಸುತ್ತದೆಯೇ? 6ನೇ ಮತ್ತು 22ನೇ ಬೇಲಿಯಾದ ಬೀಚರ್ಸ್ ಬ್ರುಕ್‌ನಲ್ಲಿ ಇಳಿಯುವ ಕಡೆಯ ನೆಲ ಹಾರುವ ಕಡೆಗಿಂತ ತಗ್ಗಿನಲ್ಲಿದೆ. ಮುಂಗಾಲು ನೆಲ ಸಿಗುತ್ತದೆಂದು ಚಾಚಿದ ಕಡೆ ನೆಲ ಇರುವುದಿಲ್ಲ, ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ಚಪ್ಪಟೆ ನೆಲದಲ್ಲೇ ಮುಗ್ಗರಿಸುವುದಕ್ಕೆ ಇಲ್ಲಿ ಕಷ್ಟ. ಚೇರ್ ಇದಕ್ಕೆ ತದ್ವಿರುದ್ಧ. 5 ಅಡಿ 2 ಇಂಚಿನ, ಮೈದಾನದಲ್ಲೇ ಎತ್ತರದ ಬೇಲಿ, ಮುಂದೊಂದು ಹಳ್ಳ, ಇಳಿಯುವ ನೆಲ ಏರಿನಲ್ಲಿದೆ. ನೆಲ ಬೇಗ ಬಂದುಬಿಡುತ್ತದೆ.

ಬಲಕ್ಕೆ ಎಳೆಯುವ ಚಾಳಿ ಇದೆಯೇ ಎಂಬುದನ್ನೂ ನೋಡಿ, ಎಷ್ಟೋ ಜನ ಇದನ್ನು ಬಿಟ್ಟುಬಿಡುತ್ತಾರೆ. ಏನ್‌ಟ್ರೀ ಎಡಕ್ಕೆ ತಿರುಗುವ ಟ್ರ್ಯಾಕ್. ಪ್ರತಿ ಬೇಲಿಯಲ್ಲೂ ಬಲಕ್ಕೆ ವಾಲಿ ಹಾರುವ ಕುದುರೆ ಸಲಕ್ಕೆ ಅರ್ಧ ಲೆಂಗ್ತ್ (ಒಂದು ಲೆಂಗ್ತ್ ಎಂದರೆ ಒಂದು ಕುದುರೆಯಷ್ಟು ಉದ್ದ) ಕಳೆದುಕೊಂಡರೂ 30 ಬೇಲಿಗೆ 15 ಲೆಂಗ್ತ್. ಕೆನಾಲ್ ಟರ್ನ್‌ನಲ್ಲಿ, ಅಂದರೆ 8ನೇ ಮತ್ತು 24ನೇ ಬೇಲಿಯಲ್ಲಿ, ಇಳಿದ ತಕ್ಷಣ ಎಡಕ್ಕೆ 90 ಡಿಗ್ರಿ ತಿರುಗಬೇಕು. ಜಾಣ ಜಾಕಿಗಳು ಬೇಲಿಯನ್ನೇ ಓರೆಯಾಗಿ ಹಾರಿಸುತ್ತಾರೆ. ಬಲಕ್ಕೆ ಎಳೆಯುವ ಕುದುರೆಯಲ್ಲಿ ಅದು ಸಾಧ್ಯವಿಲ್ಲ, ಹೊರಗೆ ಜಾರಿಹೋಗುತ್ತದೆ.

ಸಂಘಟಕರೂ ಈಗ ಜಿಗಿತದ ದಾಖಲೆ ನೋಡುತ್ತಾರೆ. ಕೊನೆಯ ಎಂಟು ಓಟಗಳಲ್ಲಿ ಅರ್ಧ ಅಥವಾ ಹೆಚ್ಚಿನವುಗಳಲ್ಲಿ ಜಿಗಿತದ ತಪ್ಪು ಮಾಡಿದ ಕುದುರೆಯನ್ನು ಪರಿಶೀಲನಾ ಸಮಿತಿ ವಿಶೇಷವಾಗಿ ಗಮನಿಸುತ್ತದೆ.

ಭಾರದ ಲೆಕ್ಕ ಅರ್ಥವಾಗುವುದಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಇದು ಹ್ಯಾಂಡಿಕ್ಯಾಪ್ ರೇಸ್. ಬಲಿಷ್ಠ ಕುದುರೆ ಹೆಚ್ಚು ಭಾರ, ದುರ್ಬಲ ಕುದುರೆ ಕಡಿಮೆ ಭಾರ ಹೊರುತ್ತದೆ. ಲೆಕ್ಕದ ಪ್ರಕಾರ ಎಲ್ಲವೂ ಒಟ್ಟಿಗೇ ಗುರಿ ಮುಟ್ಟಬೇಕು. ಹ್ಯಾಂಡಿಕ್ಯಾಪರ್, ಅಂದರೆ ಭಾರ ನಿಗದಿ ಮಾಡುವ ಅಧಿಕಾರಿ, ಕೊಡುವ ರೇಟಿಂಗ್‌ನ ಒಂದು ಅಂಕಕ್ಕೆ ಒಂದು ಪೌಂಡ್. ಒಂದು ಸ್ಟೋನ್‌ಗೆ 14 ಪೌಂಡ್, ಅಂದರೆ 6.35 ಕಿಲೋ. 2024ರಲ್ಲಿ ಎಲ್ಲಕ್ಕಿಂತ ಮೇಲಿನ ಕುದುರೆಗೆ 11 ಸ್ಟೋನ್ 12 ಪೌಂಡ್, ಅಂದರೆ 166 ಪೌಂಡ್, ಸುಮಾರು 75 ಕಿಲೋ ಬಂದಿತ್ತು. ಅದರಲ್ಲಿ ಜಾಕಿ, ಜೀನು ಎಲ್ಲ ಸೇರಿತು. ಕಡಿಮೆ ಬಿದ್ದರೆ ಜೀನಿನ ಕೆಳಗಿನ ಬಟ್ಟೆಯಲ್ಲಿ ಸೀಸದ ಪಟ್ಟಿ ಸಿಕ್ಕಿಸುತ್ತಾರೆ. ಮೇಲಿನ ಕುದುರೆಗಿಂತ 6 ಅಂಕ ಕೆಳಗಿದ್ದ ಐ ಆ್ಯಮ್ ಮ್ಯಾಕ್ಸಿಮಸ್ ಹೊತ್ತದ್ದು 160 ಪೌಂಡ್, ಅಂದರೆ 11 ಸ್ಟೋನ್ 6.

ಮೂರು ಮೈಲಿ ಮೇಲಿನ ಓಟದಲ್ಲಿ ಒಂದು ಪೌಂಡ್‌ಗೆ ಒಂದು ಲೆಂಗ್ತ್ ಎಂಬುದು ರೂಢಿಯ ಲೆಕ್ಕ. ಫೆಬ್ರವರಿಯಲ್ಲಿ ‘ಅ’ ಕುದುರೆ ‘ಆ’ ಕುದುರೆಯನ್ನು ಸಮಭಾರದಲ್ಲಿ 5 ಲೆಂಗ್ತ್‌ನಿಂದ ಸೋಲಿಸಿತು ಎನ್ನೋಣ. ನ್ಯಾಷನಲ್‌ನಲ್ಲಿ ‘ಅ’ಗೆ 9 ಪೌಂಡ್ ಹೆಚ್ಚು ಬಿದ್ದರೆ, ಕಾಗದದ ಮೇಲೆ ‘ಆ’ಗೆ 4 ಲೆಂಗ್ತ್ ಲಾಭ. ಆದರೆ ‘ಅ’ ಅಂದು ಕೈ ಸಡಿಲ ಬಿಟ್ಟು ಗೆದ್ದಿದ್ದರೆ ಈ ಲೆಕ್ಕಕ್ಕೆ ಅರ್ಥವಿಲ್ಲ.

ಭಾರ ಏನು ಮಾಡುತ್ತದೆ ಎಂದು ನೋಡಬೇಕಾದರೆ 1973ರ ಓಟ ನೋಡಿ. ಕ್ರಿಸ್ಪ್ 12 ಸ್ಟೋನ್ ಹೊತ್ತಿತ್ತು, ರೆಡ್ ರಮ್ 10 ಸ್ಟೋನ್ 5. ವ್ಯತ್ಯಾಸ 23 ಪೌಂಡ್. ಕೊನೆಯ ಬೇಲಿ ದಾಟಿದಾಗಲೂ ಕ್ರಿಸ್ಪ್ ಭಾರೀ ಮುನ್ನಡೆಯಲ್ಲಿತ್ತು. ಆಮೇಲೆ ಕಾಲು ಸೋತು, ಕುಡಿದವರಂತೆ ಅತ್ತಿತ್ತ ವಾಲತೊಡಗಿತು. ಗುರಿಯ ಹತ್ತಿರ ರೆಡ್ ರಮ್ ಅದನ್ನು ಹಿಡಿದು ಮುಕ್ಕಾಲು ಲೆಂಗ್ತ್‌ನಿಂದ ಗೆದ್ದಿತು. ಭಾರದ ಬಿಲ್ಲು ಮೊದಲ ಸುತ್ತಿನಲ್ಲಿ ಬರುವುದಿಲ್ಲ, ಕೊನೆಯ 494 ಗಜದಲ್ಲಿ ಬಡ್ಡಿ ಸಮೇತ ಬರುತ್ತದೆ.

ಹಾಗಾದರೆ ಈಗ ದೊಡ್ಡ ಭಾರದವು ಗೆಲ್ಲುವುದು ಹೇಗೆ? ಮೇಲಿನದಕ್ಕೂ ಕೆಳಗಿನದಕ್ಕೂ ಇರುವ ಅಂತರ ಕಿರಿದಾಗಿದೆ. ರೇಟಿಂಗ್ 140ರ ದಶಕದ ಮಧ್ಯಕ್ಕಿಂತ ಕೆಳಗಿರುವ ಕುದುರೆಗೆ ಈಗ 34ರೊಳಗೆ ಜಾಗ ಸಿಗುವುದೇ ಅಪರೂಪ. ‘ಹಗುರ’ ಎನಿಸಿಕೊಂಡದ್ದೂ ಹತ್ತೂವರೆ ಸ್ಟೋನ್ ಹೊರುತ್ತದೆ. ಆದ್ದರಿಂದ ಭಾರದ ಅಂಕಿ ನೋಡಿ ಕುದುರೆಯನ್ನು ಹೊಡೆದುಹಾಕಬೇಡಿ, ಅದರ ಪಕ್ಕದ ಕುದುರೆಗೆ ಎಷ್ಟಿದೆ ಎಂದು ನೋಡಿ.

‘ವೆಲ್ ಇನ್’ ಎಂದರೇನು?

ಭಾರಗಳು ಫೆಬ್ರವರಿಯಲ್ಲೇ ನಿಗದಿಯಾಗುತ್ತವೆ, ಓಟ ಏಪ್ರಿಲ್‌ನಲ್ಲಿ. ನಡುವೆ ಕುದುರೆ ದೊಡ್ಡ ರೇಸ್ ಗೆದ್ದರೆ ಅದರ ರೇಟಿಂಗ್ ಏರುತ್ತದೆ, ನ್ಯಾಷನಲ್‌ನ ಭಾರ ಮಾತ್ರ ಹಳೆಯದೇ. ಹೀಗೆ ಈಗಿನ ರೇಟಿಂಗ್‌ಗೆ ಬರಬೇಕಾದ್ದಕ್ಕಿಂತ ಕಡಿಮೆ ಭಾರ ಹೊರುವ ಕುದುರೆಯೇ ‘ವೆಲ್ ಇನ್’. 2023ರಲ್ಲಿ ಕೊರಾಕ್ ರ್‍ಯಾಂಬ್ಲರ್ ಮಾರ್ಚ್‌ನಲ್ಲಿ ಚೆಲ್ಟನಮ್ ಮೈದಾನದ ಅಲ್ಟಿಮಾ ರೇಸ್ ಗೆದ್ದು, ಏನ್‌ಟ್ರೀಗೆ 10 ಸ್ಟೋನ್ 5 ಹೊತ್ತು ಬಂದು ಗೆದ್ದಿತು. ಕಣದ ಎಲ್ಲ ಕುದುರೆಗಳ ಈಗಿನ ರೇಟಿಂಗ್ ಮತ್ತು ಫೆಬ್ರವರಿಯ ರೇಟಿಂಗ್ ಅಕ್ಕಪಕ್ಕ ಬರೆದು ಕಳೆಯಿರಿ. ಹತ್ತು ನಿಮಿಷದ ಕೆಲಸ. ಅಂತರ ಹೆಚ್ಚಿರುವ ಮೂರ್ನಾಲ್ಕು ಕುದುರೆಗಳು ತಾವಾಗಿಯೇ ಎದ್ದು ಕಾಣುತ್ತವೆ. ಈ ಗುಟ್ಟು ಎಲ್ಲರಿಗೂ ಗೊತ್ತಿರುವುದರಿಂದ ಅವುಗಳ ಆಡ್ಸ್ ಕೂಡ ಆಗಲೇ ಇಳಿದಿರುತ್ತದೆ, ಅದು ಬೇರೆ ಮಾತು.

ಯಾವ ವಯಸ್ಸಿನ ಕುದುರೆ ಒಳ್ಳೆಯದು?

ಏಳು ತುಂಬದ ಕುದುರೆಗೆ ಪ್ರವೇಶವೇ ಇಲ್ಲ. 2015ರಿಂದ 2025ರವರೆಗೆ ಗೆದ್ದವೆಲ್ಲ 7ರಿಂದ 9 ವರ್ಷದವು (2020ರಲ್ಲಿ ಓಟವೇ ನಡೆಯಲಿಲ್ಲ). 2012, 2013, 2014ರಲ್ಲಿ ಮೂರೂ ಸಲ 11 ವರ್ಷದವು ಗೆದ್ದಿದ್ದವು. ಗಾಳಿ ಎಷ್ಟು ಬೇಗ ತಿರುಗಿತು ನೋಡಿ. ಹಳೆಯ ಬೇಲಿಗೆ ಅನುಭವ ಬೇಕಿತ್ತು, ಈಗ ವೇಗವೂ ಬೇಕು. ಹನ್ನೆರಡರ ಕುದುರೆ ಕೊನೆಯದಾಗಿ ಗೆದ್ದದ್ದು 2004ರಲ್ಲಿ, ಆಂಬರ್ಲಿ ಹೌಸ್.

ನೆಲದ ಸ್ಥಿತಿ ಎಷ್ಟು ಮುಖ್ಯ?

ಬಹಳ. ಬ್ರಿಟನ್ನಿನಲ್ಲಿ ನೆಲವನ್ನು ಹೆವಿ, ಸಾಫ್ಟ್, ಗುಡ್ ಟು ಸಾಫ್ಟ್, ಗುಡ್, ಗುಡ್ ಟು ಫರ್ಮ್, ಫರ್ಮ್ ಎಂದು ಹೇಳುತ್ತಾರೆ: ಕೆಸರಿನಿಂದ ಗಟ್ಟಿ ನೆಲದವರೆಗೆ. ಎರಡು ತುದಿಗಳ ಉದಾಹರಣೆ ಸಾಕು. 1990ರಲ್ಲಿ ಗಟ್ಟಿ ನೆಲದಲ್ಲಿ ಮಿಸ್ಟರ್ ಫ್ರಿಸ್ಕ್ 8 ನಿಮಿಷ 47.8 ಸೆಕೆಂಡಿನಲ್ಲಿ ಗೆದ್ದು ದಾಖಲೆ ಬರೆಯಿತು. 2001ರಲ್ಲಿ ಮಳೆ ಸುರಿದು ಮೈದಾನ ಗದ್ದೆಯಂತಾಗಿತ್ತು; ರೆಡ್ ಮರಾಡರ್‌ಗೆ 11 ನಿಮಿಷ ಹಿಡಿಯಿತು. 40ರಲ್ಲಿ ಗುರಿ ಮುಟ್ಟಿದ್ದು ನಾಲ್ಕೇ, ಅದರಲ್ಲೂ ಎರಡು ಕುದುರೆಗಳನ್ನು ಸವಾರರು ಮತ್ತೆ ಹತ್ತಿ ಓಡಿಸಿದ್ದು.

ಈಗ ನೆಲ ಗಟ್ಟಿಯಾಗದಂತೆ ನೀರು ಹಾಯಿಸುತ್ತಾರೆ, ಆದ್ದರಿಂದ 1990ರ ಸ್ಥಿತಿ ಮರಳುವುದಿಲ್ಲ. ಮಳೆಯನ್ನು ತಡೆಯುವವರಿಲ್ಲ. ಕುದುರೆ ಗೆದ್ದಾಗಲೆಲ್ಲ ನೆಲ ಹೇಗಿತ್ತು ಎಂದು ಬರೆದಿಟ್ಟುಕೊಳ್ಳಿ. ಹೆಸರಿಗಿಂತ ಓಟದ ಸಮಯ ಹೆಚ್ಚು ನಿಜ ಹೇಳುತ್ತದೆ, ಏಕೆಂದರೆ ಒಂದು ಮೈದಾನದ ‘ಸಾಫ್ಟ್’ ಇನ್ನೊಂದರ ‘ಹೆವಿ’ ಇದ್ದೀತು. ಓಟದ ಹಿಂದಿನ ರಾತ್ರಿ ಮಳೆ ಬಂದರೆ ಪಟ್ಟಿಯನ್ನು ಮತ್ತೊಮ್ಮೆ ತೆರೆಯಿರಿ. ಎರಡು ದಿನದ ಹಿಂದಿನ ತೀರ್ಮಾನಕ್ಕೆ ಅಂಟಿಕೊಂಡು ಕೈ ಸುಟ್ಟುಕೊಳ್ಳುವವರೇ ಹೆಚ್ಚು.

ಮುಂಚಿನ ಯಾವ ರೇಸ್‌ಗಳನ್ನು ತಪ್ಪದೆ ನೋಡಬೇಕು?

ಡಿಸೆಂಬರಿನಲ್ಲಿ ಏನ್‌ಟ್ರೀಯಲ್ಲೇ ನ್ಯಾಷನಲ್ ಬೇಲಿಗಳ ಮೇಲೆ ನಡೆಯುವ ಬೀಚರ್ ಚೇಸ್: ಬೇಲಿಯ ಅನುಭವ ಉಂಟೇ ಎಂದು ತಿಳಿಯಲು ಇದಕ್ಕಿಂತ ನೇರ ದಾರಿಯಿಲ್ಲ. ದಮ್ಮಿಗೆ ಕ್ರಿಸ್‌ಮಸ್ ಮುಗಿದೊಡನೆ ಚೆಪ್‌ಸ್ಟೋದಲ್ಲಿ ನಡೆಯುವ ವೆಲ್ಷ್ ನ್ಯಾಷನಲ್. ಐರ್ಲೆಂಡಿನಲ್ಲಿ ಜನವರಿಯ ಥೈಎಸ್ಟೀಸ್, ಫೆಬ್ರವರಿಯ ಬಾಬಿಜೋ, ಈಸ್ಟರ್ ಸೋಮವಾರದ ಐರಿಷ್ ನ್ಯಾಷನಲ್. ಐ ಆ್ಯಮ್ ಮ್ಯಾಕ್ಸಿಮಸ್ 2023ರ ಐರಿಷ್ ನ್ಯಾಷನಲ್ ಮತ್ತು 2024ರ ಬಾಬಿಜೋ ಗೆದ್ದು ಬಂದಿತ್ತು. ನಿಕ್ ರಾಕೆಟ್ 2025ರಲ್ಲಿ ಥೈಎಸ್ಟೀಸ್, ಬಾಬಿಜೋ ಎರಡನ್ನೂ. ಮಾರ್ಚ್‌ನಲ್ಲಿ ಚೆಲ್ಟನಮ್‌ನ ಅಲ್ಟಿಮಾ ಮತ್ತು ಕ್ರಾಸ್ ಕಂಟ್ರಿ ಚೇಸ್. ಟೈಗರ್ ರೋಲ್ ನ್ಯಾಷನಲ್ ಗೆದ್ದ 2018, 2019 ಎರಡೂ ಸಲ ಕ್ರಾಸ್ ಕಂಟ್ರಿ ಗೆದ್ದೇ ಏನ್‌ಟ್ರೀಗೆ ಬಂದದ್ದು.

ಕೊನೆಯ ಓಟಕ್ಕೂ ನ್ಯಾಷನಲ್‌ಗೂ ಎಷ್ಟು ಅಂತರ ಇರಬೇಕು?

ಮೂರರಿಂದ ಏಳು ವಾರ. ಚೆಲ್ಟನಮ್‌ನಲ್ಲಿ ಬೆವರಿಳಿಸಿ ಹೋರಾಡಿದ ಕುದುರೆ ಮೂರು ವಾರದಲ್ಲಿ ಸುಧಾರಿಸಿಕೊಂಡಿದೆಯೇ ಎಂಬುದೇ ಪ್ರಶ್ನೆ. ಅಲ್ಲಿ ಸಲೀಸಾಗಿ ಗೆದ್ದಿದ್ದರೆ ಚಿಂತೆಯಿಲ್ಲ.

ಜಾಕಿ, ಟ್ರೇನರ್ ಹೆಸರು ನೋಡಿ ಆರಿಸಬಹುದೇ?

ಟ್ರೇನರ್ ಹೆಸರಿಗೆ ತೂಕವಿದೆ. 2018ರಿಂದ 2025ರವರೆಗೆ ನಡೆದ ಏಳು ಓಟಗಳಲ್ಲಿ ಆರನ್ನು ಐರ್ಲೆಂಡಿನಲ್ಲಿ ತರಬೇತಾದ ಕುದುರೆಗಳು ಗೆದ್ದವು. ಉಳಿದೊಂದು, 2023ರದ್ದು, ಸ್ಕಾಟ್ಲೆಂಡಿನ ಲುಸಿಂಡಾ ರಸೆಲ್ ಅವರ ಲಾಯದ ಪಾಲಾಯಿತು. 2025ರಲ್ಲಿ ಮೊದಲ ಮೂರು ಸ್ಥಾನವೂ ವಿಲ್ಲಿ ಮಲಿನ್ಸ್ ಅವರ ಕುದುರೆಗಳಿಗೆ.

ಒಂದೇ ಲಾಯದಿಂದ ಹಲವು ಕುದುರೆ ಓಡುವಾಗ ‘ಮುಖ್ಯ ಜಾಕಿ ಆರಿಸಿಕೊಂಡದ್ದೇ ಉತ್ತಮ’ ಎಂದು ಜನ ಮುಗಿಬೀಳುತ್ತಾರೆ. 2025ರಲ್ಲಿ ಪಾಲ್ ಟೌನೆಂಡ್ ಹತ್ತಿದ್ದು ಐ ಆ್ಯಮ್ ಮ್ಯಾಕ್ಸಿಮಸ್, ಅದು ಎರಡನೆಯದಾಯಿತು. ಗೆದ್ದದ್ದು ಹವ್ಯಾಸಿ ಸವಾರ ಪ್ಯಾಟ್ರಿಕ್ ಮಲಿನ್ಸ್ ಹತ್ತಿದ್ದ ನಿಕ್ ರಾಕೆಟ್, 33/1ಕ್ಕೆ. 2022ರಲ್ಲಿ ನೋಬಲ್ ಯೇಟ್ಸ್ ಮೇಲಿದ್ದ ಸ್ಯಾಮ್ ವೇಲಿ-ಕೋಹೆನ್ ಕೂಡ ಹವ್ಯಾಸಿಯೇ. ‘ಹವ್ಯಾಸಿ’ ಎಂಬ ಪದ ಕಂಡು ಕುದುರೆ ಬಿಡಬೇಡಿ, ಆ ಸವಾರ ಈ ಬೇಲಿಗಳನ್ನು ಎಷ್ಟು ಸಲ ದಾಟಿದ್ದಾನೆ ಎಂದು ನೋಡಿ.

ಕಣ್ಣುಪಟ್ಟಿ, ನಾಲಿಗೆ ಕಟ್ಟು, ಉಸಿರಾಟದ ಆಪರೇಷನ್: ಇವೆಲ್ಲ ಲೆಕ್ಕಕ್ಕೆ ಬೇಕೇ?

ಮೊದಲ ಸಲ ಹಾಕಿದ್ದರೆ ಬೇಕು. ಕಾರ್ಡ್‌ನಲ್ಲಿ ಸಂಕೇತದ ಪಕ್ಕ 1 ಎಂದಿರುತ್ತದೆ. ಕಣ್ಣಿನ ಪಕ್ಕ ಮರೆ ಮಾಡಿದರೆ ಕುದುರೆಯ ಗಮನ ಮುಂದಿರುತ್ತದೆ ನಿಜ, ಆದರೆ ಕೆಲವು ಉದ್ವೇಗಕ್ಕೊಳಗಾಗಿ ಮೊದಲ ಮೈಲಿಯಲ್ಲೇ ಲಗಾಮು ಎಳೆದಾಡಿ ದಮ್ಮು ಮುಗಿಸಿಕೊಳ್ಳುತ್ತವೆ. ಉಸಿರಾಟದ ಶಸ್ತ್ರಚಿಕಿತ್ಸೆಯಾದ ಮೇಲಿನ ಮೊದಲ ಓಟ ಎಂಬುದನ್ನು ಬ್ರಿಟನ್ನಿನಲ್ಲಿ 2018ರಿಂದ ಪ್ರಕಟಿಸುತ್ತಾರೆ. ಕೊನೆಗೆ ಸುಸ್ತಾಗುತ್ತಿದ್ದ ಕುದುರೆಗೆ ಅದಾಗಿದ್ದರೆ ಹಳೆಯ ‘ಪಿ’ಗಳನ್ನು ಇನ್ನೊಮ್ಮೆ ತೂಗಿ.

ಆಡ್ಸ್‌ನಿಂದ ಏನು ತಿಳಿಯುತ್ತದೆ? ಫೇವರಿಟ್ ಮೇಲೆ ಹಾಕುವುದು ಜಾಣತನವೇ?

ಆಡ್ಸನ್ನು ಶೇಕಡಾವಾರಿಗೆ ತಿರುಗಿಸಿ. 7/1 ಎಂದರೆ ಎಂಟರಲ್ಲಿ ಒಂದು, 12.5%. 33/1 ಎಂದರೆ 34ರಲ್ಲಿ ಒಂದು, 2.9%. ತಮಾಷೆಯೆಂದರೆ 34 ಕುದುರೆಗಳ ಓಟದಲ್ಲಿ ಕಣ್ಣು ಮುಚ್ಚಿ ಚೀಟಿ ಎತ್ತಿದರೂ ಸಿಗುವ ಅವಕಾಶ ಅಷ್ಟೇ. ಎಲ್ಲ ಕುದುರೆಗಳ ಶೇಕಡಾವಾರು ಕೂಡಿಸಿದರೆ 100 ದಾಟುತ್ತದೆ. ದಾಟಿದ ಭಾಗ ಬುಕ್‌ಮೇಕರ್‌ನ ಲಾಭ.

ಈಗ ನಿಮ್ಮ ಪಟ್ಟಿಯಲ್ಲಿ ಉಳಿದವಕ್ಕೆ ನೀವೇ ಒಂದು ಶೇಕಡಾವಾರು ಕೊಡಿ. ನಿಮ್ಮ ಅಂಕಿ ಮಾರುಕಟ್ಟೆಯದ್ದಕ್ಕಿಂತ ಮೇಲಿದ್ದರೆ ಮಾತ್ರ ಆ ಕುದುರೆಯಲ್ಲಿ ಹುರುಳಿದೆ. 2023ರಲ್ಲಿ 8/1ರ ಫೇವರಿಟ್ ಗೆದ್ದಿತು, 2009ರಲ್ಲಿ 100/1ರ ಮಾನ್ ಮೋಮ್. ಫೇವರಿಟ್ ಎಂದರೆ ಎಲ್ಲಕ್ಕಿಂತ ಸಂಭವ ಹೆಚ್ಚಿರುವುದು ಅಷ್ಟೇ. 8/1ರ ಕುದುರೆ ಒಂಬತ್ತರಲ್ಲಿ ಎಂಟು ಸಲ ಸೋಲಬೇಕಾದ್ದೇ.

‘ಈಚ್ ವೇ’ಯಲ್ಲಿ ಹೆಚ್ಚು ಸ್ಥಾನ ಕೊಡುವವರ ಬಳಿ ಹೋಗುವುದೇ ಲಾಭವೇ?

ಲೆಕ್ಕ ಹಾಕದೆ ಹೇಳಲಾಗದು. 5 ಪೌಂಡ್ ಈಚ್ ವೇ ಎಂದರೆ ಒಟ್ಟು 10 ಪೌಂಡ್: ಅರ್ಧ ಗೆಲುವಿಗೆ, ಅರ್ಧ ಸ್ಥಾನಕ್ಕೆ. 33/1ರ ಕುದುರೆ ಮೂರನೆಯದಾಗಿ ಬಂತು ಎನ್ನಿ. ನಾಲ್ಕು ಸ್ಥಾನ, ಕಾಲು ಆಡ್ಸ್ ಆದರೆ ಕೈಗೆ ಬರುವುದು 46.25 ಪೌಂಡ್. ಆರು ಸ್ಥಾನ, ಐದನೇ ಒಂದು ಆಡ್ಸ್ ಆದರೆ 38 ಪೌಂಡ್. ಐದು, ಆರನೇ ಸ್ಥಾನಕ್ಕೂ ಹಣ ಸಿಗುವುದಕ್ಕೆ ನೀವು ಕೊಡುವ ಬೆಲೆ ಆ 8.25 ಪೌಂಡ್. ದಮ್ಮಿದ್ದೂ ವೇಗ ಸಾಲದ, ಸದಾ ಐದಾರನೆಯದಾಗಿ ಬರುವ ಕುದುರೆಗೆ ಆರು ಸ್ಥಾನವೇ ಸರಿ. ಕಳೆದುಕೊಂಡರೆ ನಿದ್ದೆ ಕೆಡುವಷ್ಟು ಹಣವನ್ನು ಎರಡರ ಮೇಲೂ ಹಾಕಬೇಡಿ.

ತೀರ್ಮಾನ ಯಾವಾಗ ಮಾಡಬೇಕು?

ಅಂತಿಮ ಪಟ್ಟಿ ಬರುವುದು ಗುರುವಾರ, ಓಟ ಶನಿವಾರ. ಅದಕ್ಕೆ ಮುಂಚೆ ಹಾಕಿದ ಹಣ, ಕುದುರೆ ಓಡದಿದ್ದರೆ ಸಾಮಾನ್ಯವಾಗಿ ಹೋದಂತೆಯೇ. ‘ಓಡದಿದ್ದರೆ ಹಣ ವಾಪಸ್’ ಎಂಬ ಷರತ್ತು ಇದೆಯೇ ನೋಡಿ. ಗುರುವಾರದ ಪಟ್ಟಿಯೂ ಕೊನೆಯ ಮಾತಲ್ಲ. 2024ರಲ್ಲಿ 34ರ ಜಾಗದಲ್ಲಿ 32 ಓಡಿದ್ದು ತಡವಾಗಿ ಎರಡು ಹಿಂದೆ ಸರಿದದ್ದರಿಂದ.

ಓಟದ ದಿನ ಪೆರೇಡ್ ರಿಂಗ್‌ನಲ್ಲಿ ಏನು ನೋಡಬೇಕು?

ಹಿಂಗಾಲಿನ ನಡಿಗೆ ಉದ್ದವಾಗಿ, ಸಡಿಲವಾಗಿ ಇರಬೇಕು. ಹಿಂದಿನ ಗೊರಸು ಮುಂದಿನ ಗೊರಸಿನ ಗುರುತನ್ನು ದಾಟಿ ಬೀಳಬೇಕು. ಕಿವಿ ಅತ್ತಿತ್ತ ಆಡುತ್ತಿದ್ದರೆ ಒಳ್ಳೆಯದು. ಬಿಸಿಲಿಗೆ ಕುತ್ತಿಗೆ ಸ್ವಲ್ಪ ತೇವವಾದರೆ ಏನೂ ಅಲ್ಲ. ಹಿಂದೊಡೆಗಳ ನಡುವೆ ಸೋಪಿನ ನೊರೆಯಂಥ ಬಿಳಿ ಬೆವರು, ಬಾಯಿ ಬಿಟ್ಟು ಹಗ್ಗ ಜಗ್ಗುವುದು, ಹಿಡಿದವರನ್ನು ಎಳೆದಾಡುವುದು, ಇವು ಮೂರೂ ಒಟ್ಟಿಗೆ ಕಂಡರೆ ಆ ಕುದುರೆ ಓಟದ ಅರ್ಧ ಶಕ್ತಿಯನ್ನು ಅಲ್ಲೇ ಖರ್ಚು ಮಾಡುತ್ತಿದೆ ಎಂದು ತಿಳಿಯಿರಿ. ಆದರೆ ಹಳೆಯ ವಿಡಿಯೊಗಳಲ್ಲೂ ಅದು ಹಾಗೆಯೇ ಬೆವರಿ ಗೆದ್ದಿದ್ದರೆ ಚಿಂತಿಸಬೇಕಾಗಿಲ್ಲ, ಅದರ ಸ್ವಭಾವವೇ ಅದು.

ಇಷ್ಟೆಲ್ಲ ಮಾಡಿದ ಮೇಲೂ ಅದೃಷ್ಟವೇ ಗೆಲ್ಲುವುದಾದರೆ?

1967ರಲ್ಲಿ 23ನೇ ಬೇಲಿಯ ಎದುರು ಸವಾರನಿಲ್ಲದ ಕುದುರೆಯೊಂದು ಅಡ್ಡ ಬಂದು, ಮುಂದಿದ್ದವೆಲ್ಲ ಒಂದರ ಮೇಲೊಂದು ನುಗ್ಗಿ ನಿಂತುಬಿಟ್ಟವು. ತೀರಾ ಹಿಂದಿದ್ದ ಫೊಯ್ನೇವನ್ ಸಂದಿಯಲ್ಲಿ ನುಸುಳಿ ಬೇಲಿ ಹಾರಿ, 100/1ಕ್ಕೆ ಗೆದ್ದಿತು. ಆ ಬೇಲಿಗೆ ಈಗ ಅದರದ್ದೇ ಹೆಸರು. ಯಾವ ಲೆಕ್ಕವೂ ಇದನ್ನು ಹಿಡಿಯಲಾರದು. ಲೆಕ್ಕದಿಂದ ಮಾಡಬಹುದಾದದ್ದು ಒಂದೇ: ಅಪಘಾತದ ಅಪಾಯ ಕಡಿಮೆ ಇರುವ ಕಡೆ ಓಡುವ ಕುದುರೆಗೆ ಒಂದು ಹಿಡಿ ಹೆಚ್ಚು ತೂಕ ಕೊಡುವುದು. ಮೊದಲ ಎಂಟು ಹತ್ತರೊಳಗೆ, ಎದುರಿನ ಬೇಲಿ ಕಾಣುವಂತೆ ಓಡುವ ಕುದುರೆಯೆದುರು ಬೀಳಬಹುದಾದವು ಕಡಿಮೆ. ಸದಾ ಹಿಂದುಳಿದು ಕೊನೆಗೆ ನುಗ್ಗುವುದು ಇಪ್ಪತ್ತು ಕುದುರೆಗಳ ಅದೃಷ್ಟವನ್ನೂ ತನ್ನ ತಲೆಗೆ ಕಟ್ಟಿಕೊಂಡು ಓಡುತ್ತದೆ.